ಮಿಸ್ಟರ್ ಹೊಳೆನರಸೀಪುರ ಮತ್ತು ಕಾಲು ಹುಲಿ

ಜಯನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವತ್ತು ಮಾತು ಎತ್ತಿದ್ದು ಪುಟ್ಟರಾಜು. “ಪರದೇಶಕ್ಕೆ ಹೋದ ಕನ್ನಡಿಗನ ಗುರುತು ಎಲ್ಲಿರುತ್ತೆ ಹೇಳಿ?” ಅಂತ ಕೇಳಿದವನೇ, ಯಾರೂ ಬಾಯಿ ತೆರೆಯೋ ಮೊದಲೇ “ಹೃದಯದಲ್ಲಿ” ಅಂತ ಎದೆ ಮುಟ್ಟಿಕೊಂಡ. ನವೆಂಬರ್ ಒಂದನೇ ತಾರೀಖಿನ ಭಾಷಣದ ಚಟ, ಇನ್ನೂ ಬಿಟ್ಟಿರಲಿಲ್ಲ.

“ಎದೆ ಆಮೇಲೆ ಮುಟ್ಕೊ,” ಅಂದರು ಸೀನಣ್ಣ. ಬಡಾವಣೆಯಲ್ಲಿ ಯಾರ ಮನೆಯ ಪಾಸ್‌ಪೋರ್ಟ್ ಅರ್ಜಿಯಾದರೂ ಅವರ ಕನ್ನಡಕದ ಕೆಳಗೆ ಒಂದು ಸಲ ಹಾದೇ ಹೋಗಬೇಕು. “ಗುರುತು ಮೊದಲು ಸಿಕ್ಕಿಹಾಕ್ಕೊಳೋದು ಅರ್ಜಿಯ ಎರಡು ಖಾನೆಯಲ್ಲಿ. ಒಂದು ಗಿವನ್ ನೇಮು, ಇನ್ನೊಂದು ಸರ್‌ನೇಮು. ನಮ್ಮ ಹಳೇ ಮೈಸೂರು ಕಡೆಯವನ ಹತ್ರ ಇರೋದೇನು? ಹೆಸರು ಒಂದು, ಇನಿಷಿಯಲ್ ಎರಡು. ಎಚ್. ಎಸ್. ಮಂಜುನಾಥ ಅಂತಿಟ್ಕೊ. ಎಚ್ ಅಂದ್ರೆ ಹೊಳೆನರಸೀಪುರ, ಎಸ್ ಅಂದ್ರೆ ಅಪ್ಪ ಶ್ರೀನಿವಾಸ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಇವನು ಕೂಗೋ ಕ್ರಮದಲ್ಲೇ ತುಂಬಿಬಿಟ್ಟ ಅನ್ನು: ಗಿವನ್ ನೇಮು ಹೊಳೆನರಸೀಪುರ ಶ್ರೀನಿವಾಸ, ಸರ್‌ನೇಮು ಮಂಜುನಾಥ. ಅಲ್ಲಿ ಆಸ್ಪತ್ರೆಗೆ ಹೋದ. ನರ್ಸು ಬಾಗಿಲಲ್ಲಿ ನಿಂತು ಕೂಗ್ತಾಳೆ, ‘ಹೊಳೆನರಸೀಪುರ! ಹೊಳೆನರಸೀಪುರ!’”

“ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರ್ ಕೂಗಿದ ಹಾಗೆ,” ಅಂದರು ಶಾರದಕ್ಕ.

“ಹಾಗೇ. ಇವನು ಸೀಟು ಹಿಡಿಯೋಕೆ ಓಡ್ತಾನೆ.”

“ತಿರುಗಿಸಿ ತುಂಬಿದ್ರೆ?” ಪುಟ್ಟರಾಜು ಕೇಳಿದ.

“ಗಿವನ್ ನೇಮು ಮಂಜುನಾಥ, ಸರ್‌ನೇಮು ಶ್ರೀನಿವಾಸ. ಬ್ಯಾಂಕಿನವರು ಮರ್ಯಾದೆಯಾಗಿ ‘ಮಿಸ್ಟರ್ ಶ್ರೀನಿವಾಸ’ ಅಂತಾರೆ. ಇವನು, ಅಪ್ಪ ಯಾವಾಗ ಬಂದ್ರು ಅಂತ ಹಿಂದೆ ತಿರುಗಿ ನೋಡ್ತಾನೆ. ಆದ್ರೂ ನನ್ನ ಕೇಳಿದ್ರೆ ಅದೇ ವಾಸಿ. ಕರೆಯೋ ಹೆಸರು ಗಿವನ್ ಖಾನೆಯಲ್ಲಿ ಉಳಿಯುತ್ತೆ, ಮಕ್ಕಳ ಹಿಂದೆ ಅಜ್ಜನ ಹೆಸರು ಹೋಗುತ್ತೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡೋದು ಇದ್ದೇ ಇದೆಯಲ್ಲ. ಮೊದಲನೇ ಥರ ತುಂಬಿದ್ರೆ ಹೆಂಡ್ತಿ ಮಿಸೆಸ್ ಮಂಜುನಾಥ, ಮಗಳು ಮಿಸ್ ಮಂಜುನಾಥ, ಮಗಳ ಟೀಚರ್‌ಗೆ ಇಡೀ ಮನೆಯೇ ಮಂಜುನಾಥ. ಒಬ್ಬನ ಹೆಸರು ಮೂರು ಜನ ಹಂಚ್ಕೊಂಡ ಹಾಗಾಗುತ್ತೆ.”

“ನಮ್ಮ ಕಡೆ ಈ ತ್ರಾಸ ಇಲ್ಲ ನೋಡ್ರಿ,” ಅಂತ ಈರಣ್ಣ ಮೀಸೆ ತಿರುವಿದರು. ಧಾರವಾಡದವರು, ಮೇಲೆ ಕನ್ನಡ ಮೇಷ್ಟ್ರು. “ಅಡ್ಡಹೆಸರು ಮೊದಲಿಂದನೂ ಹಿಂದ ನಿಂತಿರತದ. ಮೆಣಸಿನಕಾಯಿ, ಉಳ್ಳಾಗಡ್ಡಿ, ತೆಂಗಿನಕಾಯಿ, ಅಕ್ಕಿ. ಖಾನೆಗೆ ಹೇಳಿ ಮಾಡಿಸಿದಂಗ ಕೂಡ್ತಾವ.”

“ನಾಲ್ಕು ಜನ ಒಟ್ಟಿಗೆ ಹೋದ್ರೆ ಒಗ್ಗರಣೆಗೆ ಆಯ್ತು,” ಅಂದರು ಶಾರದಕ್ಕ.

ಸೀನಣ್ಣ ಬಿಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಹುರಿಗಡಲೆ ಪೊಟ್ಟಣದ ಕಾಗದದ ಮೇಲೆ ಬರೆಯತೊಡಗಿದರು. “ಫೋಟೊ ಪುಟದ ತಳದಲ್ಲಿ ಮಿಷನ್ ಓದೋ ಎರಡು ಸಾಲು ಇರುತ್ತಲ್ಲ, ಒಂದೊಂದು ಸಾಲಿಗೆ 44 ಮನೆ. ಮೊದಲ ಸಾಲಿನಲ್ಲಿ ಐದು ಮನೆ ದಾಖಲೆಯ ಬಗೆಗೂ ದೇಶಕ್ಕೂ ಹೋಗುತ್ತೆ. ಹೆಸರಿಗೆ ಉಳಿದದ್ದು 39. ಇಂಗ್ಲಿಷ್‌ನಲ್ಲಿ ಮಂಜುನಾಥ 9 ಅಕ್ಷರ, ನಡುವೆ ಬಾಣದ ಮೂತಿಯಂಥ ಚಿಹ್ನೆ (<) 2, ಹೊಳೆನರಸೀಪುರ 14, ಇನ್ನೊಂದು ಮೂತಿ 1, ಶ್ರೀನಿವಾಸ 9. ಒಟ್ಟು 35. ಬಚಾವ್. ಅಪ್ಪ ಬರೀ ಶ್ರೀನಿವಾಸ ಆಗದೆ ಶ್ರೀನಿವಾಸಮೂರ್ತಿ ಆಗಿದ್ರೆ?”

ಎಲ್ಲರೂ ಬೆರಳು ಎಣಿಸಿದರು. 41.

“ಎರಡು ಅಕ್ಷರ ಗಡಿಯ ಆಚೆ. ಅಪ್ಪನ ‘ಮೂರ್ತಿ’ಯ ಬಾಲ ಇಲ್ಲೇ ಉಳೀತು.”

“ಬರೀ ಮಂಜುನಾಥ ಅಂತಷ್ಟೇ ಇಟ್ರೆ ಎಲ್ಲಾ ತಂಟೆ ತಪ್ಪುತ್ತಲ್ಲ,” ಅಂದ ಪುಟ್ಟರಾಜು.

“ಅಲ್ಲೇ ನೀನು ಕೆಟ್ಟೆ. ಸರ್‌ನೇಮು ಖಾಲಿ ಬಿಟ್ರೆ ಅಮೆರಿಕದ ವೀಸಾದಲ್ಲಿ ಮಂಜುನಾಥ ಹೋಗಿ ಸರ್‌ನೇಮ್ ಜಾಗದಲ್ಲಿ ಕೂರ್ತಾನೆ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಅಂತ ಬರುತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಡ್ರೈವಿಂಗ್ ಲೈಸೆನ್ಸು, ಕರೆಂಟ್ ಬಿಲ್ಲು, ಎಲ್ಲಾ ಕಡೆ ಇವನು ಫ್ನೂ. ‘ಡಿಯರ್ ಫ್ನೂ’ ಅಂತ ಕಾಗದ ಬರುತ್ತೆ. ಯುಎಇಗೆ ಹೋಗೋದಾದ್ರೆ ಇನ್ನೂ ಕಷ್ಟ. 2022ರ ನವೆಂಬರ್‌ನಿಂದ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ರೆ ಸಂದರ್ಶಕ ವೀಸಾದ ಮೇಲೆ ಒಳಗೆ ಬಿಡಲ್ಲ ಅಂದ್ರು. ಅದಕ್ಕೇ ನಾನು ಹೇಳೋದು, ಮೊದಲ ಪಾಸ್‌ಪೋರ್ಟಿಗೆ ಮುಂಚೆಯೇ ತೀರ್ಮಾನ ಮಾಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಆಧಾರ್ ಎಲ್ಲಾ ಎದುರಿಗೆ ಹರಡಿಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ. ಒಂದರಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ್, ಮತ್ತೊಂದರಲ್ಲಿ ಕೊನೆಗೊಂದು ‘ಎ’. ಆಗ ನೋಟರಿ ಹತ್ರ ಹೋಗಿ ಅಫಿಡವಿಟ್ ಮಾಡಿಸಬೇಕು, ‘ಮೇಲ್ಕಂಡ ಮೂವರೂ ನಾನೊಬ್ಬನೇ’ ಅಂತ.”

“ಅದನ್ನೇ ಶಂಕರಾಚಾರ್ಯರು ಹೇಳಿದ್ದು, ಛಾಪಾ ಕಾಗದ ಇಲ್ಲದೆ,” ಅಂದರು ಭಟ್ಟರು. ಉಡುಪಿ ಕಡೆಯ ಪುರೋಹಿತರು. ಅಲ್ಲಿಯ ತನಕ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆಯೋ ಜಪವೋ ಯಾರಿಗೂ ತಿಳಿದಿರಲಿಲ್ಲ. “ಆದರೆ ಒಂದು ಉಂಟು ಮಾರಾಯ್ರೆ. ಈ ಇನಿಷಿಯಲ್ ಅಂದರೆ ಎಂತ? ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿ. ಹೆಸರಿನ ಮುಂದೆ ಇದ್ದದ್ದು ಮೋಕ್ಷಗುಂಡಂ, ಅದು ಈಗ ಆಂಧ್ರದಲ್ಲಿ ಉಂಟು. ಅಂದರೆ ಹಿರಿಯರು ಬಿಟ್ಟು ಬಂದ ಊರನ್ನು ಹೆಸರಿಗೆ ಕಟ್ಟಿಕೊಂಡು ತಿರುಗುದು. ಸಂಕೇತಿಗಳನ್ನು ನೋಡಿ. ತಮಿಳುನಾಡಿನ ಸೆಂಗೋಟೆ ಕಡೆಯಿಂದ ಬಂದು ಶತಮಾನಗಳೇ ಆದವು, ಮನೆಯೊಳಗೆ ಇವತ್ತಿಗೂ ಸಂಕೇತಿ ಭಾಷೆಯೇ. ಪರದೇಶ ನಮಗೆ ಹೊಸತಲ್ಲ, ಅರ್ಜಿ ಹೊಸತು.”

ಪುಟ್ಟರಾಜು ಎದೆಯ ಮೇಲಿನ ಕೈ ತೆಗೆದು ಹುರಿಗಡಲೆಗೆ ಹಾಕಿದ. “ಸರಿ, ಹೆಸರು ಬಿಡಿ. ದೋಸೆ ಇದೆಯಲ್ಲ. ಅದನ್ನು ಯಾರೂ ಕಿತ್ಕೊಳೋಕಾಗಲ್ಲ.”

ಶಾರದಕ್ಕನಿಗೆ ಇದೇ ಬೇಕಾಗಿತ್ತು. “ಕಿತ್ಕೊಳೋದು ಬೇಡ, ಉಬ್ಬದೇ ಇದ್ರೆ ಸಾಕು. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಐದಾರು ಗಂಟೆ ನೆನೆಸಿ ರುಬ್ಬಿದ್ರೆ ಬೆಂಗಳೂರಲ್ಲಿ ರಾತ್ರಿ ಕಳೆಯೋದ್ರೊಳಗೆ ಪಾತ್ರೆ ತುಂಬಿರುತ್ತೆ. ಯಾಕೆ? ಹಿಟ್ಟಿಗೆ ಬೇಕಾದ್ದು 28ರಿಂದ 30 ಡಿಗ್ರಿ. ನಮ್ಮ ಅಡುಗೆಮನೆ ಬಿಟ್ಟಿ ಕೊಡುತ್ತೆ. ಎಡಿನ್‌ಬರೋದಲ್ಲಿ ಹೀಟರ್ ಹಾಕಿದ್ರೂ ಅಡುಗೆಮನೆ 18-20ರಲ್ಲಿ ಇರುತ್ತೆ. ಹಿಟ್ಟು ಒಂದು ದಿನ ಪೂರ್ತಿ ಕದಲಲ್ಲ. ಎರಡನೇ ದಿನ ಉಬ್ಬೋ ಮೊದಲು ವಾಸನೆ ಬಂದುಬಿಡುತ್ತೆ.”

“ಅಮ್ಮನ ಕೈಯಲ್ಲಿ ಕಲಸಿಸಿದ್ರೆ ಉಬ್ಬುತ್ತೆ ಅಂತಾರಲ್ಲ, ಕೈಗುಣ?”

“ಕೈಗುಣ ಅಲ್ಲ ಕಣೋ, ಬೇಳೆಗುಣ. ಉಬ್ಬಿಸೋ ಜೀವಿ ಬೇಳೆಯ ಮೇಲೇ ಅಂಟಿಕೊಂಡು ಬರುತ್ತೆ. ಲ್ಯೂಕೊನಾಸ್ಟಾಕ್ ಅಂತ ಅದರ ಮನೆತನ. ಸೌಟಲ್ಲಿ ಕಲಸಿದ್ರೂ ನಡೆಯುತ್ತೆ. ಬೇಳೆ ಹಳೇದಾಗಿದ್ರೆ ಅಮ್ಮನನ್ನೇ ವಿಮಾನದಲ್ಲಿ ಕರೆಸಿ ಕಲಸಿಸಿದ್ರೂ ಉಬ್ಬಲ್ಲ. ಇನ್ನೊಂದು ಮರೀಬೇಡ, ಭಾರತಕ್ಕೆ ಉದ್ದು ಬರ್ಮಾದಿಂದಲೂ ಬರುತ್ತೆ.”

“ಅಂದ್ರೆ ದಾವಣಗೆರೆ ಬೆಣ್ಣೆ ದೋಸೆ ಬರ್ಮಾ ಪ್ರಜೆನಾ?”

“ಉದ್ದಿನ ಪಾಲು ಆಗಿದ್ರೂ ಆಗಿರಬಹುದು. ಈಗ ಕೇಳು, ತಣ್ಣನೆ ಊರಲ್ಲಿ ಹೇಗೆ ಅಂತ. ಒಂದು, ಬೇಳೆಯನ್ನು ಐಸ್ ನೀರು ಹಾಕಿ ರುಬ್ಬಬೇಕು. ಮಿಕ್ಸಿ ಬಿಸಿಯಾದ್ರೆ ಗಾಳಿ ಹಿಡಿಯೋ ಬದಲು ಹಿಟ್ಟು ಅಂಟಂಟಾಗುತ್ತೆ. ತೊಟ್ಟು ಹಿಟ್ಟು ತಣ್ಣೀರಿಗೆ ಬಿಟ್ರೆ ತೇಲಬೇಕು, ಅಲ್ಲೀವರೆಗೆ ರುಬ್ಬು. ಆಮೇಲೆ ಓವನ್ ಒಳಗಿಟ್ಟು, ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ಬಾಗಿಲು ಮುಚ್ಚು. ಆ ಬಲ್ಬಿನ ಕಾವೇ ಸಾಕು. ಇಲ್ಲೇ ಎಡವೋದು ಜನ. ಬಲ್ಬು ಹಳೇ ತಂತಿಯದಾಗಿರಬೇಕು. ಕೆಲವು ಹೊಸ ಓವನ್‌ನಲ್ಲಿ ಎಲ್ಇಡಿ ಇರುತ್ತೆ, ಬೆಳಕು ಕೊಡುತ್ತೆ, ಕಾವು ಕೊಡಲ್ಲ. ಬೆಳಗ್ಗೆ ತೆಗೆದು ನೋಡಿದ್ರೆ ಹಿಟ್ಟು ಚೆನ್ನಾಗಿ ಕಾಣುತ್ತೆ, ಅಷ್ಟೇ.”

ಈರಣ್ಣ ನಕ್ಕು ಕೆಮ್ಮಿದರು.

“ಇನ್ನೂ ದೊಡ್ಡ ಅಪಾಯ ಇದೆ. ಮನೇಲಿ ಯಾರಾದ್ರೂ ಪಿಜ್ಜಾ ಮಾಡೋಕೆ ಅಂತ ಒಳಗೆ ನೋಡದೆ ಓವನ್ ಕಾಯೋಕೆ ಹಾಕ್ತಾರೆ. 200 ಡಿಗ್ರಿ. ಹತ್ತು ನಿಮಿಷದಲ್ಲಿ ಪ್ಲಾಸ್ಟಿಕ್ ಮುಚ್ಚಳ, ಹಿಟ್ಟು, ಸಂಸಾರ ಮೂರೂ ಒಟ್ಟಿಗೆ ಕರಗುತ್ತೆ. ಗುಂಡಿಗೆ ಚೀಟಿ ಅಂಟಿಸಬೇಕು, ‘ಹಿಟ್ಟಿದೆ, ಮುಟ್ಟಬೇಡಿ’ ಅಂತ. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ.”

“ಇನ್‌ಸ್ಟಂಟ್ ಪಾಟ್ ಅಂತ ಕರೆಂಟ್ ಕುಕ್ಕರ್ ಬರುತ್ತಲ್ಲ, ಅದು?”

“ಮೊಸರಿನ ಗುಂಡಿ ಒತ್ತಿದ್ರೆ 40 ಡಿಗ್ರಿ ಮೇಲೆ ಹೋಗುತ್ತೆ. ನಮಗದು ಜಾಸ್ತಿ. ಅಂಚಿನಲ್ಲಿ ಬೇಯುತ್ತೆ, ಬೇಗ ಹುಳಿಯಾಗುತ್ತೆ. ಎಂಟು ಗಂಟೆಗೆ ತೆಗೆದುಬಿಡಬೇಕು. ಅದರ ಸ್ಕ್ರೂ ಮುಚ್ಚಳ ಹಾಕಬಾರದು, ಹಿಟ್ಟು ಏರಿ ಕವಾಟಕ್ಕೆ ನುಗ್ಗಿದ್ರೆ ಬಿಚ್ಚೋಕಾಗಲ್ಲ. ತಟ್ಟೆ ಮುಚ್ಚು. ಪಾತ್ರೆ ಅರ್ಧ ಮಾತ್ರ ತುಂಬಿಸು. ನೋಡು ಪುಟ್ಟರಾಜು, ಇಲ್ಲಿರೋಳು ಹಿಟ್ಟಿನ ಬಗ್ಗೆ ಯೋಚನೆನೇ ಮಾಡಲ್ಲ, ರುಬ್ಬಿ ಮಲಗ್ತಾಳೆ. ಅಲ್ಲಿರೋಳಿಗೆ ಥರ್ಮಾಮೀಟರು ಬೇಕು. ಕನ್ನಡತಿ ಅಂತ ಅನ್ನಿಸಿಕೊಳೋಕೆ ಅಲ್ಲಿ ದುಡಿಮೆ ಜಾಸ್ತಿ, ಅದಕ್ಕೇ ಜಂಭನೂ ಜಾಸ್ತಿ.”

“ಊರಿಂದ ಸಾಮಾನು ಕಟ್ಕೊಂಡು ಹೋದ್ರಾಯ್ತಪ್ಪ,” ಅಂದ ಪುಟ್ಟರಾಜು.

ಸೀನಣ್ಣನಿಗೆ ಮತ್ತೆ ಜೀವ ಬಂತು. “ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯೋ ಹಾಗಿಲ್ಲ. ಅದರ ಎಲೇಲಿ ಕೂರೋ ಒಂದು ಪುಟ್ಟ ಕೀಟ ಕಿತ್ತಳೆ ತೋಟಕ್ಕೆ ರೋಗ ಹರಡುತ್ತೆ. ಕರಿಬೇವು ಕಿತ್ತಳೆ ನಿಂಬೆಯ ದಾಯಾದಿ, ಅದಕ್ಕೆ. ಆಸ್ಟ್ರೇಲಿಯಕ್ಕೆ ಹೋಗೋವಾಗ ತಿನ್ನೋ ಪದಾರ್ಥ ಏನಿದ್ರೂ ಕಾರ್ಡಿನಲ್ಲಿ ಬರೆದು ತೋರಿಸಬೇಕು. ತೋರಿಸಿದ್ರೆ ಹೆಚ್ಚೆಂದ್ರೆ ಕಿತ್ತು ಬಿಸಾಕ್ತಾರೆ. ಬಚ್ಚಿಟ್ರೆ ದಂಡ. ಆದ್ರೆ ನಿಜವಾಗ್ಲೂ ಹುಷಾರಾಗಿರಬೇಕಾದ್ದು ಗಸಗಸೆ. ಹಬ್ಬಕ್ಕೆ ಪಾಯಸ ಮಾಡ್ಲಿ ಅಂತ ಅತ್ತೆ ಪೊಟ್ಟಣ ಕಟ್ಟಿ ಕೊಡ್ತಾರೆ. ಯುಎಇಯಲ್ಲಿ ಅದು ನಿಷೇಧ. ಅಫೀಮಿನ ಗಿಡದ ಬೀಜ ತಾನೇ.”

“ಪಾಯಸ ಕುಡಿದ ಮೇಲೆ ಬರುವ ನಿದ್ದೆ ನೋಡಿದರೆ ಅವರು ಹೇಳುದು ಸುಳ್ಳಲ್ಲ,” ಅಂದರು ಭಟ್ಟರು.

“ಹಬ್ಬ ಅಂದಾಗ ನೆನಪಾಯ್ತು ಭಟ್ರೆ, ಈ ಅಮೆರಿಕದವರು ಒಂದೊಂದು ವರ್ಷ ನಮಗಿಂತ ಒಂದು ದಿನ ಮೊದಲೇ ಗಣೇಶನ್ನ ಕೂರಿಸಿಬಿಡ್ತಾರಲ್ಲ. ಅವರ ಗಡಿಯಾರ ನಮಗಿಂತ ಹಿಂದೆ ತಾನೆ ಇರೋದು? ಹಬ್ಬ ಹೇಗೆ ಮುಂದೆ?” ಪುಟ್ಟರಾಜು ಕೇಳಿದ.

ಭಟ್ಟರು ಸರಿಯಾಗಿ ಕೂತರು. ಇದು ಅವರ ಇಲಾಖೆ. “ಇದರಲ್ಲಿ ಎಲ್ಲರಿಗೂ ಮಂಡೆಬಿಸಿ. ತಿಥಿ ಅಂದರೆ ಸೂರ್ಯ ಚಂದ್ರರ ನಡುವಿನ ಅಂತರ 12 ಡಿಗ್ರಿ ಹೆಚ್ಚುವ ಅವಧಿ. ಅದು ಶುರುವಾಗುದು ಆಕಾಶದಲ್ಲಿ, ಇಡೀ ಭೂಮಿಗೆ ಒಂದೇ ಕ್ಷಣ. ಆ ಕ್ಷಣಕ್ಕೆ ನಿಮ್ಮ ಊರಲ್ಲಿ ಗಂಟೆ ಎಷ್ಟು ಎಂಬುದು ಬೇರೆ. ಗಣೇಶನಿಗೆ ಮಧ್ಯಾಹ್ನದಲ್ಲಿ ಚೌತಿ ಇರಬೇಕು. ಲೆಕ್ಕಕ್ಕೆ ಹಿಡಿಯಿರಿ, ಇಲ್ಲಿ ಸೋಮವಾರ ಸಂಜೆ 4ಕ್ಕೆ ಚೌತಿ ಶುರು, ಮಂಗಳವಾರ ಸಂಜೆ 5ಕ್ಕೆ ಮುಗೀತು. ಮಧ್ಯಾಹ್ನಕ್ಕೆ ಚೌತಿ ಸಿಕ್ಕಿದ್ದು ಮಂಗಳವಾರ. ನ್ಯೂಜೆರ್ಸಿ ಆಗ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಚೌತಿ ಸೋಮವಾರ ಬೆಳಗ್ಗೆ ಆರೂವರೆಗೆ ಶುರು, ಮಂಗಳವಾರ ಏಳೂವರೆಗೆ ಮುಗೀತು. ಮಧ್ಯಾಹ್ನ ಸಿಗುದು ಸೋಮವಾರವೇ. ಇಲ್ಲಿಯ ಕ್ಯಾಲೆಂಡರ್ ಗೋಡೆಗೆ ತೂಗುಹಾಕಿಕೊಂಡು ಅಲ್ಲಿ ಮಂಗಳವಾರ ಪೂಜೆ ಮಾಡಿದರೆ ಪಂಚಮಿಯ ದಿನ ಗಣಪತಿ ಬಂದ ಹಾಗೆ ಆಯ್ತು. ಅದಕ್ಕೆ ಆ ಊರಿನ ಸೂರ್ಯೋದಯಕ್ಕೆ ಗುಣಿಸಿದ ಪಂಚಾಂಗ ಬೇಕು.”

“ಅದೆಲ್ಲಾ ಎಲ್ಲಿ ಭಟ್ರೆ, ಹಾಲ್ ಸಿಗೋದೇ ಶನಿವಾರ,” ಅಂದರು ಸೀನಣ್ಣ. “ಎಷ್ಟೋ ಕನ್ನಡ ಕೂಟಗಳಲ್ಲಿ ಹಬ್ಬಕ್ಕಿರೋದು ಒಂದೇ ತಿಥಿ, ವಾರಾಂತ್ಯ. ಶಾಲೆಯ ಆಡಿಟೋರಿಯಮ್ ಡಿಸೆಂಬರ್‌ನಲ್ಲಿ ಸಿಕ್ಕಿದ್ರೆ ರಾಜ್ಯೋತ್ಸವ ಡಿಸೆಂಬರ್‌ನಲ್ಲಿ.”

“ಸಂಕಲ್ಪದಲ್ಲಿ ಎಂತ ಹೇಳುದು ಗೊತ್ತುಂಟಾ? ಇಲ್ಲಿ ಜಂಬೂದ್ವೀಪೇ ಭರತವರ್ಷೇ ಅಂತೇವೆ, ಗೋದಾವರಿಯ ದಕ್ಷಿಣ ತೀರ ಅಂತೇವೆ. ಅಮೆರಿಕದಲ್ಲಿ ಕ್ರೌಂಚದ್ವೀಪೇ ರಮಣಕವರ್ಷೇ ಅಂತ ಬದಲಿಸಿಕೊಂಡಿದ್ದಾರೆ. ನನಗೆ ಅದು ಸರಿ ಕಾಣ್ತದೆ. ದೇವರಿಗೆ ವಿಳಾಸ ತಪ್ಪು ಕೊಡಬಾರದು. ಕಷ್ಟ ಇರುದು ಮೆಲ್ಬರ್ನ್‌ನಲ್ಲಿ. ಜನವರಿಯ ಸಂಕ್ರಾಂತಿಗೆ ಇಲ್ಲಿ ಚಳಿ, ಚರ್ಮ ಒಡೀತದೆ, ಮೈಗೆ ಜಿಡ್ಡು ಬೇಕು ಅಂತ ಎಳ್ಳು ಬೆಲ್ಲ ಕೊಬ್ಬರಿ. ಅಲ್ಲಿ ಆಗ ಬಿರುಬೇಸಿಗೆ. ಉತ್ತರಾಯಣ ಬಂತು, ಹಗಲು ಉದ್ದ ಆಗ್ತದೆ ಅಂತ ಇಲ್ಲಿ ಸಂತೋಷಪಡುದು. ಅಲ್ಲಿ ಅದೇ ಉತ್ತರಾಯಣದಲ್ಲಿ ಹಗಲು ಗಿಡ್ಡ ಆಗ್ತಾ ಹೋಗುದು. ಆದರೂ ಎಳ್ಳು ಬೀರ್ತಾರೆ. ಡಬ್ಬಿಯಲ್ಲಿ ಬೆಲ್ಲ ಕರಗಿ ಎಳ್ಳೆಲ್ಲ ಒಂದೇ ಉಂಡೆ.”

“ಒಗ್ಗಟ್ಟು,” ಅಂದ ಪುಟ್ಟರಾಜು. ಯಾರೂ ನಗಲಿಲ್ಲ. “ಕೊನೆಗೆ ಭಾಷೆ ಇದೆಯಲ್ಲ ಈರಣ್ಣಾವ್ರೆ. ಮನೇಲಿ ಕನ್ನಡ ಮಾತಾಡಿದ್ರೆ ಮಗೂಗೆ ಬಂದೇ ಬರುತ್ತೆ.”

“ಬರತದ. ಎಂಥಾದ್ದು ಬರತದ ಅನ್ನೋದು ಕೇಳ್ರಿ.” ಈರಣ್ಣ ಬೆಂಚಿನ ತುದಿಗೆ ಸರಿದರು. “ನಾಲಿಗೆ ಹಿಂದಕ್ಕ ಮಡಚಿ ಹೇಳೋ ಅಕ್ಷರ ಅದಾವಲ್ಲ, ಟ, ಡ, ಣ, ಳ. ಇಂಗ್ಲಿಷ್ ಕಿವಿಗೆ ತ ಮತ್ತ ಟ ಎರಡೂ ಒಂದ. 1984ರಾಗ ಕೆನಡಾದ ಸಂಶೋಧಕರು ಹಿಂದಿ ತ-ಟ ಇಟ್ಕೊಂಡು ಕೂಸುಗಳ ಪರೀಕ್ಷಾ ಮಾಡಿದ್ದು ಪ್ರಕಟ ಆತು. ಇಂಗ್ಲಿಷ್ ಮನಿಯ ಆರೆಂಟು ತಿಂಗಳ ಕೂಸುಗಳೊಳಗ ಹೆಚ್ಚಿನವು ಎರಡರ ಫರಕ್ ಹಿಡೀತಿದ್ವು. ಹತ್ತು ಹನ್ನೆರಡು ತಿಂಗಳಿಗೆ ಬರೋದ್ರಾಗ ಹಿಡಿಯೋವು ಭಾಳ ಕಮ್ಮಿ. ಅಂದ್ರ ಮಾತು ಕಲಿಯೋಕಿಂತ ಮೊದಲ ಕಿವಿ ಬಾಗಿಲಾ ಹಾಕ್ಕೊಂತದ. ಕೂಸಿಗೆ ಏನ ತಿಳೀತದ ಅಂತ ತಂದಿ ತಾಯಿ ಮೊದಲ ವರ್ಷ ಇಂಗ್ಲಿಷ್‌ನಾಗ ಮುದ್ದು ಮಾಡ್ತಾರ. ಐದು ವರ್ಷ ಆದ ಮ್ಯಾಲೆ ಕನ್ನಡ ಕ್ಲಾಸಿಗೆ ಕಳಸ್ತಾರ. ಆಗ ಏನಾಗತದ? ಕಾಳು ಹುಳಿ ಬೇಕು ಅನ್ನೋದು ‘ಕಾಲು ಹುಲಿ ಬೇಕು’ ಆಗತದ.”

“ಕಾಲು ಹುಲಿ!” ಶಾರದಕ್ಕ ಸೆರಗು ಬಾಯಿಗೆ ಹಿಡಿದರು. “ಮುಕ್ಕಾಲು ಹುಲಿ ಯಾರಿಗೆ ಬಡಿಸೋದು?”

“ಅಜ್ಜಿ ಹಲ್ಲಿಯೊಳಗ ಇದ್ದಾಳ. ಕೈಗೆ ಬಲೆ ಹಾಕ್ಕೊಂಡಾಳ. ‘ಅಮ್ಮಾ, ಕೊಲೆ ಬಟ್ಟೆ ಎಲ್ಲಿಡ್ಲಿ?’ ಇದಕ್ಕ ನಗಬಾರದು, ನಕ್ರ ಮಗು ಬಾಯಿ ಮುಚ್ಚತದ, ಮತ್ತ ಕನ್ನಡ ಆಡಂಗಿಲ್ಲ. ತಪ್ಪು ಅಂತನೂ ಹೇಳಬಾರದು. ಸರಿ ಮಾಡಿ ತಿರುಗಿ ಹೇಳಬೇಕು: ‘ಕೊಳೆ ಬಟ್ಟೆನಾ? ಕೊಳೆ ಬಟ್ಟೆ ಬುಟ್ಟಿಗೆ ಹಾಕು.’ ಒಂದ ಶಬ್ದ ಎರಡು ಸಲ ಕಿವಿಗೆ ಬಿತ್ತು, ಮುಗೀತು. ಹಲ್ಲಿ-ಹಳ್ಳಿ, ಬಲೆ-ಬಳೆ, ಹುಲಿ-ಹುಳಿ ಚಿತ್ರ ಬರದು ಗ್ವಾಡಿಗೆ ಹಚ್ಚಬೇಕು. ದಿನಾ ಐದು ನಿಮಿಷ, ನಾ ಹೇಳಿದ್ದಕ್ಕ ನೀ ಬೆರಳು ತೋರಿಸು ಅಂತ ಆಟ. ಮೊದಲು ಕಿವಿ, ಆಮ್ಯಾಲೆ ನಾಲಿಗಿ.”

“ವಿಡಿಯೊ ಕಾಲ್ ಇದೆಯಲ್ಲ, ಅಜ್ಜಿ ಜೊತೆ?”

“ಅದರಾಗ ಏನ ಮಾತು? ‘ಊಟ ಆಯ್ತಾ?’ ‘ಆಯ್ತು.’ ‘ಚಳಿ ಇದೆಯಾ?’ ‘ಇದೆ.’ ಎರಡು ಶಬ್ದದಾಗ ಸಂಬಂಧ ತೀರಿತು. ಅಜ್ಜಿಗೆ ಒಂದು ಕೆಲಸ ಕೊಡ್ರಿ. ಅವಲಕ್ಕಿ ಒಗ್ಗರಣಿ ಹೆಂಗ ಮಾಡೋದು ಅಂತ ಆಕಿ ಹೇಳಬೇಕು, ಮಗು ಅಲ್ಲಿ ಒಂದೊಂದ ಡಬ್ಬಿ ಎತ್ತಿ ತೋರಿಸಬೇಕು. ಹದಿನೈದು ನಿಮಿಷದಾಗ ಸಾಸಿವಿ, ಇಂಗು, ಸವಟು ಎಲ್ಲಾ ಬಂದು ಹೋಗತಾವ.” ಈರಣ್ಣ ಉಸಿರು ಎಳೆದುಕೊಂಡರು. “ಆದ್ರ ಅಸಲಿ ಘಾಸಿ ಬ್ಯಾರೆ ಕಡೆ ಆಗೇದ. ಊರಿಗೆ ಬಂದ ಮಗು ಅಜ್ಜನ ಮುಂದ ನಿಂತು ‘ಅಜ್ಜ, ಇಲ್ಲಿ ಬಾ. ಕೂತ್ಕೊ. ತಿನ್ನು’ ಅಂತದ. ಮಂದಿ ಏನಂತಾರ? ಸೊಕ್ಕು, ಫಾರಿನ್ ಸೊಕ್ಕು. ಸೊಕ್ಕಲ್ಲ. ಲೆಕ್ಕಾ ಹಾಕಿ ನೋಡ್ರಿ. ಆ ಮಗುವಿಗೆ ಜೀವನದಾಗ ಯಾರರೆ ‘ಬನ್ನಿ, ಕೂತ್ಕೊಳ್ಳಿ’ ಅಂದಾರ? ತಾಯಿ ‘ಬಾ’ ಅಂತಾಳ, ತಂದಿ ‘ತಿನ್ನು’ ಅಂತಾನ. ಕೇಳಿದ್ದೆಲ್ಲ ಏಕವಚನ. ‘ನೀವು’ ಅನ್ನೋದು ಮಗು ಕಲಿಯೋದು ಕದ್ದು ಕೇಳಿ. ಅಪ್ಪ ಅಜ್ಜನ ಜೋಡಿ ಮಾತಾಡೋವಾಗ, ಅಮ್ಮ ಅತ್ತಿ ಜೋಡಿ ಮಾತಾಡೋವಾಗ, ಬಾಗಿಲಿಗೆ ಬಂದವರ ಜೋಡಿ ಮಾತಾಡೋವಾಗ. ಅಲ್ಲಿ ಮನ್ಯಾಗ ಹಿರಿಯರಿಲ್ಲ, ಬಾಗಿಲಿಗೆ ಬಂದವರ ಜೋಡಿ ಇಂಗ್ಲಿಷ್. ಕದಿಯೋಕ ಮಾಲ ಇಲ್ಲ ಪಾಪ.”

ಸ್ವಲ್ಪ ಹೊತ್ತು ಹುರಿಗಡಲೆ ಅಗಿಯೋ ಸದ್ದಷ್ಟೇ ಇತ್ತು.

“ಹಂಗಾರೆ ಪರಿಹಾರ?” ಸೀನಣ್ಣ ಕೇಳಿದರು.

“ಎರಡು ಅದಾವ. ಗಂಡ ಹೆಂಡತಿ ಮಗುವಿನ ಮುಂದ ಒಬ್ಬರಿಗೊಬ್ಬರು ಬಹುವಚನದಾಗ ಮಾತಾಡಬೇಕು.”

“ಅದಾಗದ ಮಾತು,” ಅಂದರು ಶಾರದಕ್ಕ. “ಇನ್ನೊಂದು ಹೇಳಿ.”

“ಇನ್ನೊಂದು ನಮ್ಮ ಧಾರವಾಡದ ‘ರೀ’. ವ್ಯಾಕರಣ ಬ್ಯಾಡ, ಕ್ರಿಯಾಪದದ ರೂಪ ಬಾಯಿಪಾಠ ಬ್ಯಾಡ. ಯಾವ ಮಾತಿಗೆ ಬೇಕಾದ್ರೂ ಹಿಂದ ಒಂದು ರೀ ಹಚ್ಚು. ಹೌದು ರೀ. ಬ್ಯಾಡ ರೀ. ಏನ್ರೀ. ಅಜ್ಜ, ತಿನ್ರಿ. ಮೂರು ವರ್ಷದ ಮಗುವಿಗೂ ಸಾಧ್ಯ. ಮೈಸೂರು ಮನಿ ಮಕ್ಕಳಿಗೂ ಇದನ್ನ ಕಲಸ್ರಿ, ನಾವು ರಾಯಧನ ಕೇಳೂದಿಲ್ಲ.”

“ನಮ್ಮಲ್ಲಿ ‘ಮಾರಾಯ್ರೆ’ ಉಂಟಲ್ಲ,” ಅಂದರು ಭಟ್ಟರು.

“ಅದು ಮೂರು ವರ್ಷದ ಕೂಸಿನ ಬಾಯಾಗ ಹಿಡಿಸೂದಿಲ್ಲ ಭಟ್ರ.”

ಪುಟ್ಟರಾಜುವಿಗೆ ಇನ್ನೊಂದೇ ಬಾಣ ಉಳಿದಿತ್ತು. “ಎಲ್ಲಾ ಬಿಡಿ. ಅಲ್ಲಿಯ ಪ್ರಜೆಯಾದ್ರೂ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡೋ ಒಸಿಐ ಕಾರ್ಡ್ ಇದ್ರೆ ನಮ್ಮೋರೇ ಅಲ್ವಾ?”

“ಹೌದು, ವೋಟು ಇಲ್ಲದ ನಮ್ಮೋರು,” ಅಂದರು ಸೀನಣ್ಣ. “ಬೆಂಗಳೂರಲ್ಲಿ ಫ್ಲ್ಯಾಟ್ ತಗೋಬಹುದು, ಹೊಲ ಗದ್ದೆ ಕೊಳ್ಳೋ ಹಾಗಿಲ್ಲ. ಹೊಳೆನರಸೀಪುರದ ಗದ್ದೆ ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದ್ರೆ ಇಟ್ಕೋಬಹುದು. ದಾನವಾಗಿ ಕೊಟ್ರೆ ಆಗಲ್ಲ. ಅಪ್ಪ ಬದುಕಿದ್ದಾಗ ಪ್ರೀತಿಯಿಂದ ಬರೆದುಕೊಟ್ಟದ್ದು ನಡೆಯಲ್ಲ, ಹೋದ ಮೇಲೆ ಬಂದದ್ದು ನಡೆಯುತ್ತೆ. ಮಕ್ಕಳ ಕಾರ್ಡಾದ್ರೆ ಇನ್ನೊಂದು ನೆನಪಿಟ್ಕೋಬೇಕು. 20 ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಆದಾಗ ಕಾರ್ಡನ್ನು ಒಂದು ಸಲ ಹೊಸದಾಗಿ ಮಾಡಿಸಬೇಕು. ಮುಖ ಬದಲಾಗಿರುತ್ತಲ್ಲ.”

ಶಾರದಕ್ಕ ಚೀಲ ಎತ್ತಿಕೊಂಡರು. ಎಂಟು ಗಂಟೆ. ಪಾರ್ಕಿನ ಕಾವಲಿನ ಹುಡುಗ ಸೀಟಿ ಊದುತ್ತ ಬಂದ. ಅಸ್ಸಾಮಿನ ಕಡೆಯವನು, ಬಂದು ಎರಡು ವರ್ಷ ಆಗಿರಬೇಕು. ಟಾರ್ಚು ಬೆಂಚಿನ ಮೇಲೆ ಬಿಟ್ಟು, ಬಹಳ ವಿನಯದಿಂದ, “ಟೈಮ್ ಆಯ್ತು ಸಾರ್. ಗೇಟ್ ಹಾಕ್ತೀನಿ. ಬೇಗ ಹೋಗು ಸಾರ್. ಅಮ್ಮ, ನೀನೂ ಹೋಗು,” ಅಂದ.

ಪುಟ್ಟರಾಜು ಗುರ್ ಅಂದು ಎದ್ದ. ಈರಣ್ಣ ಅವನ ತೋಳು ಹಿಡಿದು ಕೂರಿಸಿದರು. ಆಮೇಲೆ ಹುಡುಗನ ಕಡೆ ತಿರುಗಿ, “ಹೊಂಟ್ವಿ ರೀ. ನಿಮ್ಮ ಹೆಸರೇನ್ರೀ?” ಅಂತ ಕೇಳಿದರು.

ಹುಡುಗ ಯಾರನ್ನು ಕೇಳ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದ.